ಒಂದಾದ ಮೇಲೆ ಹತ್ತು

ಸೂರ್ಯಕಾಂತನಿಗೆ ಗಣಿತದ ತಲೆ ಇರಲಿಲ್ಲ.

ಇದು ಅವನಿಗೂ ಗೊತ್ತಿತ್ತು, ಕಮಲಾಪುರದ ಹೈಸ್ಕೂಲಿನ ಮಾಸ್ತರರಿಗೂ ಗೊತ್ತಿತ್ತು. ಗೊತ್ತಿದ್ದೂ ಅದನ್ನು ದೊಡ್ಡ ಸಂಗತಿ ಮಾಡದೆ ಇದ್ದವನು ಇಮಾಮುದ್ದೀನ್ ಒಬ್ಬನೇ. ಇಬ್ಬರೂ ಕಮಲಾಪುರದವರು. ಎಂಟನೆಯ ತರಗತಿಯಲ್ಲಿ ಎತ್ತರ ನೋಡಿ ಕೂಡಿಸಿದಾಗ ಒಂದೇ ಬೆಂಚಿಗೆ ಬಂದರು, ಆಮೇಲೆ ಅವರನ್ನು ಯಾರೂ ಎಬ್ಬಿಸಲಿಲ್ಲ. ಪಿಯುಸಿ, ಬಿ.ಎಸ್ಸಿ. ದಾಟಿ ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎಸ್ಸಿ.ಗೆ ಸೇರಿದಾಗಲೂ ಅದೇ ಬೆಂಚು. ಸೂರ್ಯಕಾಂತನ ಮನೆಯವರು ಆ ಹೊತ್ತಿಗೆ ಕಮಲಾಪುರ ಬಿಟ್ಟಿದ್ದರು, ಅವನು ಹಾಸ್ಟೆಲಿನಲ್ಲಿದ್ದ. ಇಮಾಮುದ್ದೀನ್ ದಿನಾ ಕಮಲಾಪುರದಿಂದ ಬಂದು ಹೋಗುತ್ತಿದ್ದ. ಅವನ ಅಪ್ಪ ಮೈಬೂಬ ಬಾಳೆಹಣ್ಣಿನ ಮಂಡಿಯ ಟೆಂಪೊ ಓಡಿಸುತ್ತಿದ್ದ. ಕಮಲಾಪುರದ ಕೆಂಪು ಬಾಳೆ ಬೆಳಿಗ್ಗೆ ಬೆಳಿಗ್ಗೆ ಅದರಲ್ಲೇ ಕಲಬುರಗಿ ಮಾರ್ಕೆಟ್ಟಿಗೆ ಬರುತ್ತಿತ್ತು. ಗೊನೆಗಳ ಜೊತೆ ಮಗನೂ ಬರುತ್ತಿದ್ದ.

ಓದುವುದರಲ್ಲಿ ಇಮಾಮುದ್ದೀನನದು ಒಂದು ಪದ್ಧತಿ. ಪಾಠ ಎಲ್ಲಿಯವರೆಗೆ ತಿಳಿಯಿತೋ ಅಲ್ಲಿ ಪೆನ್ಸಿಲ್ಲಿನಿಂದ ಒಂದು ಅಡ್ಡಗೆರೆ. ಗೆರೆಯ ಆಚೆ ಕಾಲಿಡುವ ಹಾಗಿಲ್ಲ. ಇಬ್ಬರು ಕೂತು ಓದುತ್ತಿದ್ದರೆ ಇಬ್ಬರ ಗೆರೆಯೂ ಒಂದೇ ಸಾಲಿನ ಕೆಳಗೆ ಬರಬೇಕು. ಮುಂದೆ ಹೋದವನು ಹಿಂದೆ ಉಳಿದವನಿಗೆ ಕಾಯಬೇಕು. ಹತ್ತು ವರ್ಷದಲ್ಲಿ ಕಾದವನು ಯಾವಾಗಲೂ ಇಮಾಮುದ್ದೀನನೇ. ಹತ್ತನೆಯ ತರಗತಿಯಲ್ಲಿ ವೃತ್ತದ ಸ್ಪರ್ಶಕದ ಪ್ರಮೇಯವೊಂದರಲ್ಲಿ ಸೂರ್ಯಕಾಂತ ನಾಲ್ಕು ದಿನ ಸಿಕ್ಕಿಬಿದ್ದಿದ್ದ. ನಾಲ್ಕೂ ದಿನ ಇಮಾಮುದ್ದೀನ್ ಪುಟ ತಿರುವಲಿಲ್ಲ. ಮಾಸ್ತರರು ಸಿಟ್ಟಿಗೆದ್ದು, ಅವನ ಸಲುವಾಗಿ ನೀನ್ಯಾಕೆ ಕೊಳೀತಿ, ಮುಂದೆ ನಡಿ ಎಂದು ಬೈದಾಗ ಅವನು ಕೂತಲ್ಲಿಂದಲೇ, "ಅವ ಬರ್ತಾನ್ರೀ ಸರ್" ಎಂದಿದ್ದ.

ಸೂರ್ಯಕಾಂತ ಬಂದೂ ಇದ್ದ. ಆದರೆ ಅವನಿಗೆ ಬೇರೆಯದೊಂದು ಶಕ್ತಿ ಇತ್ತು, ಅದನ್ನು ಅವನು ಗೆಳೆಯನಿಗೆ ಹೇಳಿರಲಿಲ್ಲ. ತಿಳಿಯದಿದ್ದರೂ ಅವನು ಮುಂದೆ ಹೋಗಬಲ್ಲವನಾಗಿದ್ದ. ತಿಳಿಯದ್ದನ್ನು ಬಾಯಿಪಾಠ ಮಾಡುತ್ತಿದ್ದ, ಬರೆಯುತ್ತಿದ್ದ, ಅಂಕ ತೆಗೆಯುತ್ತಿದ್ದ. ಪ್ರಮೇಯ ಅವನಿಗೆ ಸಂಸ್ಕೃತ ಬಾರದವನ ಬಾಯಲ್ಲಿನ ಮಂತ್ರ. ಇಮಾಮುದ್ದೀನನಿಗೆ ಈ ಶಕ್ತಿ ಇರಲಿಲ್ಲ. ಒಂದು ಮೆಟ್ಟಿಲು ಇಲ್ಲದಿದ್ದರೆ ಅವನು ಮುಂದಿನದಕ್ಕೆ ಕಾಲೆತ್ತುತ್ತಿರಲಿಲ್ಲ.

ಅದು ಎರಡು ಸಾವಿರದ ಏಳು. ಎರಡನೆಯ ವರ್ಷದಲ್ಲಿ ಟೊಪಾಲಜಿ ಎಂಬ ಪೇಪರ್ ಇತ್ತು. ಅದನ್ನು ಕಲಿಸುತ್ತಿದ್ದವರು ನಿವೃತ್ತರಾಗಿ ಹೋಗಿದ್ದರು, ಹುದ್ದೆ ಖಾಲಿ ಇತ್ತು. ಅತಿಥಿ ಉಪನ್ಯಾಸಕರೊಬ್ಬರು ಬಂದು ತಮ್ಮ ಕಾಲದ ಹಳದಿ ನೋಟ್ಸು ಓದಿ ಬರೆಸುತ್ತಿದ್ದರು. ಪ್ರಶ್ನೆ ಕೇಳಿದರೆ ಅದೇ ಸಾಲನ್ನು ಇನ್ನೊಮ್ಮೆ ನಿಧಾನವಾಗಿ ಓದುತ್ತಿದ್ದರು. ಲೈಬ್ರರಿಯಲ್ಲಿ ಒಂದು ಪುಸ್ತಕವಿತ್ತು. ಅದನ್ನು ಮನೆಗೆ ಕೊಡುತ್ತಿರಲಿಲ್ಲ, ಮೊದಲ ಎರಡು ಅಧ್ಯಾಯವನ್ನು ಯಾರೋ ಬ್ಲೇಡಿನಿಂದ ಕೊಯ್ದು ಒಯ್ದಿದ್ದರು.

ಆಗ ಮುಕುಂದ ಒಂದು ಸುದ್ದಿ ತಂದ. ಮುಕುಂದ ಅವರ ಕ್ಲಾಸಿನವನೇ, ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯವನು. ಮನೆಯಲ್ಲಿ ತಾಯಿಯ ಜೊತೆ ಮರಾಠಿ, ಹೊರಗೆ ಕನ್ನಡ, ಅಪ್ಪ ಬ್ಯಾಂಕಿನಲ್ಲಿದ್ದ. ದೊಡ್ಡ ಸಂಸ್ಥೆಯೊಂದರ ಪ್ರೊಫೆಸರರು ಇದೇ ಟೊಪಾಲಜಿಯನ್ನು ಕ್ಯಾಮೆರಾದ ಮುಂದೆ ಕಲಿಸಿದ್ದಾರೆ, ನಲವತ್ತು ಪಾಠ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು ಎಂದ. ಮೂವರೂ ವಿಭಾಗದ ಕಂಪ್ಯೂಟರಿನ ಮುಂದೆ ಕೂತರು. ಪರದೆಯ ಮೇಲೆ ಚಕ್ರ ತಿರುಗಿತು. ಒಂದು ತಾಸು ತಿರುಗಿ ನಿಂತಿತು.

ಸ್ಟೇಶನ್ ಬಜಾರಿನಲ್ಲಿ ಖಮರುದ್ದೀನನ ಸೈಬರ್ ಕೆಫೆ ಇತ್ತು, ಎರಡು ಲಾಡ್ಜುಗಳ ನಡುವೆ. ಇವರು ಕೇಳಿದ್ದಕ್ಕೆ ಖಮರುದ್ದೀನ್ ನಕ್ಕ. ತನ್ನ ಅಂಗಡಿಯಲ್ಲಿ ಗಿರಾಕಿಗಳು ಏನೇನೋ ಇಳಿಸಿಕೊಡು ಅನ್ನುತ್ತಾರೆ, ಮುದುಕ ಮಾಸ್ತರ ಬೋರ್ಡಿನ ಮೇಲೆ ಬರೆಯುವುದನ್ನು ಇಳಿಸಿಕೊಡು ಅಂದವರು ನೀವೇ ಮೊದಲು ಎಂದ. ಅಂಗಡಿ ಖಾಲಿ ಇದ್ದಾಗಲೆಲ್ಲ ಒಂದೊಂದನ್ನು ಇಳಿಸಿ, ಡಿವಿಡಿ ಪ್ಲೇಯರಿನಲ್ಲಿ ಓಡುವ ಹಾಗೆ ಸಿಡಿಗೆ ಹಾಕಿಕೊಡಲು ಒಪ್ಪಿದ. ಒಂದು ಸಿಡಿಗೆ ಐದು ಪಾಠ, ಒಟ್ಟು ಎಂಟು ಸಿಡಿ. ಒಂಬತ್ತು ದಿನ ಹಿಡಿಯಿತು.

ಸಿಡಿ ತರಲು ಹೋದವನು ಸೂರ್ಯಕಾಂತ. ಖಮರುದ್ದೀನ್ ಎಂಟನ್ನೂ ಒಂದರ ಮೇಲೊಂದು ಇಟ್ಟು, ಒಂದು ಮಾರ್ಕರ್ ಪೆನ್ನು ಮುಂದೆ ಸರಿಸಿದ.

"ಕಂಪ್ಯೂಟರ್ ಜೋಡಿಸಿದಂಗ ಹಾಕೀನಿ. ಒಮ್ಮಿ ಒಳಗ ನೋಡಿ ನಂಬರ್ ಬರಕೋ ಬೇಟಾ."

ಹೊರಗೆ ಯೂನಿವರ್ಸಿಟಿ ಕಡೆಯ ಸಿಟಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಸೂರ್ಯಕಾಂತ ಒಳಗೆ ನೋಡಲಿಲ್ಲ. ಮೊದಲನೆಯದರ ಮೇಲೆ ಒಂದರಿಂದ ಐದು, ಎರಡನೆಯದರ ಮೇಲೆ ಆರರಿಂದ ಹತ್ತು ಎಂದು ನಿಂತಲ್ಲೇ ಎಂಟಕ್ಕೂ ಬರೆದು ಓಡಿದ. ಚೆಂದದ ಅಕ್ಷರದಲ್ಲೇ ಬರೆದ.

ಟಿವಿ ಮತ್ತು ಪ್ಲೇಯರ್ ಮುಕುಂದನ ಮನೆಯಲ್ಲಿತ್ತು. ಕ್ಲಾಸು ಮುಗಿದ ಮೇಲೆ ಮೂರರಿಂದ ಐದರವರೆಗೆ, ಕರೆಂಟು ಇದ್ದರೆ, ಪಡಸಾಲೆಯಲ್ಲಿ ಚಾಪೆ ಹಾಸಿ ಕೂಡುತ್ತಿದ್ದರು. ಮುಕುಂದನ ತಾಯಿ ಪಾರ್ವತೀಬಾಯಿ ಕಾಲು ತೊಳೆಯದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ, ತೊಳೆದವರಿಗೆ ಅವಲಕ್ಕಿ ಕೊಡದೆ ಕಳಿಸುತ್ತಲೂ ಇರಲಿಲ್ಲ. ಇಮಾಮುದ್ದೀನ್ ತರುವ ಕೆಂಪು ಬಾಳೆಯನ್ನು ನೀರು ಚಿಮುಕಿಸಿ ತೆಗೆದುಕೊಳ್ಳುತ್ತಿದ್ದಳು. ಟಿವಿಯಲ್ಲಿ ಪ್ರೊಫೆಸರರು ಐದು ನಿಮಿಷಕ್ಕೊಮ್ಮೆ ತಿರುಗಿ, "ಈಸ್ ದ್ಯಾಟ್ ಕ್ಲಿಯರ್?" ಎಂದು ಕೇಳುತ್ತಿದ್ದರು. ಮೂವರೂ ಸುಮ್ಮನಿರುತ್ತಿದ್ದರು. ಅಡಿಗೆ ಮನೆಯಿಂದ ಪಾರ್ವತೀಬಾಯಿ, "ಹೂಂ ರೀ, ಆತು" ಅನ್ನುತ್ತಿದ್ದಳು. ಪಾಪ, ಅಷ್ಟು ವಯಸ್ಸಾದವರು ಕೇಳುತ್ತಾರೆ, ನೀವು ಮೂರು ಮಂದಿ ಕಲ್ಲಿನಂಗ ಕೂಡ್ತೀರಿ, ಯಾರಾದರೂ ಉತ್ತರ ಕೊಡಬೇಕಲ್ಲ ಎನ್ನುವುದು ಅವಳ ವಾದ.

ರಿಮೋಟ್ ಇಮಾಮುದ್ದೀನನ ಕೈಯಲ್ಲಿರುತ್ತಿತ್ತು. ಗೆರೆಯ ಪದ್ಧತಿ ಇಲ್ಲಿಗೂ ಬಂತು: ಯಾರಿಗೆ ಎಲ್ಲಿ ತಿಳಿಯದೆ ಹೋಯಿತೋ ಅವನು ಚಾಪೆ ತಟ್ಟಬೇಕು, ಇಮಾಮುದ್ದೀನ್ ಚಿತ್ರ ನಿಲ್ಲಿಸಬೇಕು. ತಟ್ಟಿದವನು ಅಲ್ಲಿಯವರೆಗೆ ತನಗೆ ತಿಳಿದದ್ದನ್ನು ಮೊದಲು ಹೇಳಬೇಕು. ಆಮೇಲೆ ತಿಳಿದವನು ಮುಂದಿನದನ್ನು ಹೇಳಬೇಕು. ಮೂವರ ಗೆರೆಯೂ ಒಂದೇ ಕಡೆ ಬಂದ ಮೇಲೆ ಚಿತ್ರ ಮುಂದೆ. ಮೂವರೂ ಕನ್ನಡ ಮಾಧ್ಯಮದವರು, ಇಂಗ್ಲಿಷು ಓದಿದರೆ ತಿಳಿಯುತ್ತಿತ್ತು, ಕೇಳಿದರೆ ಅರ್ಧ ಹೋಗುತ್ತಿತ್ತು. ಆದ್ದರಿಂದ ಬೋರ್ಡನ್ನೇ ನೆಚ್ಚಿಕೊಂಡಿದ್ದರು. ಎಷ್ಟು ಸಲ ನಿಲ್ಲಿಸಿದರು ಎಂದು ಸೂರ್ಯಕಾಂತ ನೋಟ್‌ಬುಕ್ಕಿನ ಅಂಚಿನಲ್ಲಿ ಕಡ್ಡಿ ಎಳೆಯುತ್ತಿದ್ದ. ಮೊದಲನೆಯ ಪಾಠಕ್ಕೆ ಹದಿನಾಲ್ಕು ಕಡ್ಡಿ. ಐವತ್ತು ನಿಮಿಷದ ಪಾಠ ಎರಡು ತಾಸು ನಡೆಯಿತು. ಮುಗಿದಾಗ ಮೂವರಿಗೂ ಪೂರ್ತಿ ತಿಳಿದಿತ್ತು. ಸೂರ್ಯಕಾಂತನಿಗೂ.

ಇಮಾಮುದ್ದೀನ್ ಅವತ್ತು ಮಾರ್ಕೆಟ್ಟಿನ ತನಕ ನಡೆದೇ ಹೋದ. ದಾರಿಯುದ್ದಕ್ಕೂ ಮಾತಾಡಿದ. ಇಂಥವರು ಹೇಳಿಕೊಟ್ಟರೆ ಎಂ.ಎಸ್ಸಿ. ಮುಗಿದ ಮೇಲೂ ನಿಲ್ಲಬಾರದು, ಪಿಎಚ್.ಡಿ. ಮಾಡಬೇಕು, ಈ ಮುದುಕನ ಹತ್ತಿರವೇ ಹೋಗಿ ನಿಮ್ಮ ಕ್ಲಾಸು ಕಲಬುರಗಿಯಲ್ಲಿ ಚಾಪೆ ಮೇಲೆ ಕೂತು ಕೇಳಿದೀನಿ ಅನ್ನಬೇಕು ಎಂದ. ಟೆಂಪೊ ಓಡಿಸಿ ಅಪ್ಪನ ಮೊಣಕಾಲು ಕೆಟ್ಟಿತ್ತು. ಒಂದು ಸೆಮಿಸ್ಟರ್ ಹಿಂದೆ ಬಿದ್ದರೂ ಸ್ಟೀರಿಂಗ್ ನೀನು ಹಿಡಿ ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದರು. ಈ ಪೇಪರ್ ಒಂದು ಏರಿದರೆ ಆಯಿತು, ಉಳಿದವುಗಳ ಹೆದರಿಕೆ ಅವನಿಗಿರಲಿಲ್ಲ.

ಮರುದಿನ ಸಿಡಿಯಲ್ಲಿದ್ದ ಎರಡನೆಯದನ್ನು ಹಾಕಿದರು. ಪ್ರೊಫೆಸರರು ಬೋರ್ಡಿಗೆ ತಿರುಗಿ, ಕೊಕ್ಕೆಯಂಥ ಒಂದು ಅಕ್ಷರ ಬರೆದು, ಅದೇನೆಂದು ಹೇಳದೆ, ಅದರ ಮೇಲೆ ಒಂದು ದೊಡ್ಡ ಪ್ರಮೇಯ ಕಟ್ಟಲು ಶುರು ಮಾಡಿದರು.

ಇಮಾಮುದ್ದೀನ್ ಚಿತ್ರ ನಿಲ್ಲಿಸಿದ.

"ಈ ಕೊಕ್ಕಿ ಎಲ್ಲಿಂದ ಬಂತು?"

ಯಾರಿಗೂ ಗೊತ್ತಿರಲಿಲ್ಲ. ಹಿಂದೆ ಓಡಿಸಿದರು, ಮತ್ತೆ ಕೇಳಿದರು. ಆಗಲೇ ಹೇಳಿದ್ದೇವೆ ಎಂಬಂಥ ಮಾತು ಪ್ರೊಫೆಸರರ ಬಾಯಲ್ಲಿ ಬಂದ ಹಾಗಿತ್ತು. ಹಾಗಾದರೆ ನಿನ್ನೆಯ ಪಾಠದಲ್ಲಿ ಹೇಳಿರಬೇಕು, ನಮ್ಮ ಕಿವಿಗೆ ಬಿದ್ದಿಲ್ಲ ಎಂದು ಇಮಾಮುದ್ದೀನ್ ತೀರ್ಮಾನಿಸಿದ. ಮೊದಲನೆಯ ಪಾಠವನ್ನು ಮತ್ತೆ ಹಾಕಿ ನೋಡಿದರು. ಅದರಲ್ಲಿ ಕೊಕ್ಕೆ ಇರಲಿಲ್ಲ. ಅವತ್ತು ಮೂವತ್ತೊಂದು ಕಡ್ಡಿ, ಗೆರೆ ಮಾತ್ರ ಒಂದು ಬೆರಳಷ್ಟೂ ಮುಂದೆ ಸರಿಯಲಿಲ್ಲ.

ಕೊಕ್ಕೆ ಎರಡನೆಯ ಪಾಠದಲ್ಲಿತ್ತು. ಅವರು ನೋಡುತ್ತಿದ್ದದ್ದು ಹತ್ತನೆಯ ಪಾಠ. ಕಂಪ್ಯೂಟರ್ ಕಡತಗಳನ್ನು ನಿಘಂಟಿನ ಹಾಗೆ ಜೋಡಿಸಿತ್ತು: ಮೊದಲು ಒಂದು, ಅದರ ಹಿಂದೆ ಒಂದರಿಂದ ಶುರುವಾಗುವ ಎಲ್ಲವೂ, ಅಂದರೆ ಹತ್ತು, ಹನ್ನೊಂದು, ಹನ್ನೆರಡು, ಹೀಗೆ ಹತ್ತೊಂಬತ್ತರ ತನಕ, ಆಮೇಲೆ ಎರಡು. ಖಮರುದ್ದೀನ್ ಅದೇ ಸಾಲಿನಲ್ಲಿ ಐದೈದು ಹಾಕಿದ್ದ. ಮುಕುಂದನ ಪ್ಲೇಯರ್ ಅಗ್ಗದ್ದು, ಹೆಸರಿನ ಮೊದಲ ಎಂಟು ಅಕ್ಷರ ಮಾತ್ರ ತೋರಿಸುತ್ತಿತ್ತು, ಅವು ಎಲ್ಲಕ್ಕೂ ಒಂದೇ. ಪಾಠದ ಶುರುವಿನಲ್ಲಿ ವಿಷಯದ ಹೆಸರು, ಪ್ರೊಫೆಸರರ ಹೆಸರು ಬರುತ್ತಿತ್ತು, ಸಂಖ್ಯೆ ಬರುತ್ತಿರಲಿಲ್ಲ. ಸಂಖ್ಯೆ ಇದ್ದದ್ದು ಸಿಡಿಯ ಮೇಲೆ ಮಾತ್ರ, ಸೂರ್ಯಕಾಂತನ ಚೆಂದದ ಅಕ್ಷರದಲ್ಲಿ. ಬೇರೆಯವರಾಗಿದ್ದರೆ ಪಾಠವೇ ತಪ್ಪಿದೆ ಅಂದುಕೊಳ್ಳುತ್ತಿದ್ದರೇನೋ. ಕನ್ನಡ ಮಾಧ್ಯಮದ ಈ ಮೂವರಿಗೆ ಆ ಯೋಚನೆ ಬರಲೇ ಇಲ್ಲ. ತಿಳಿಯದೆ ಹೋದರೆ ತಪ್ಪು ತಮ್ಮದು, ತಮ್ಮ ಕಿವಿಯದು, ತಮ್ಮ ತಲೆಯದು ಎಂದು ಅವರು ಪಿಯುಸಿಯಿಂದಲೇ ಕಲಿತಿದ್ದರು.

ಮುಂದೆ ಎಲ್ಲಾದರೂ ಕೊಕ್ಕೆಯ ಗುಟ್ಟು ಸಿಕ್ಕೀತು ಎಂದು ಗೆರೆಯನ್ನು ಅಲ್ಲೇ ಬಿಟ್ಟು ಹೊಸ ಪಾಠ ಹಾಕುತ್ತ ಹೋದರು, ಹತ್ತನೆಯ ದಿನದ ತನಕ ಹೀಗೆ ನಡೆಯಿತು. ದಿನಾ ಒಂದು ಹೊಸ ಪಾಠ, ದಿನಾ ಹಿಂದಿನದರ ಮೇಲೆ ಕಟ್ಟಿದ್ದು, ಹಿಂದಿನದಂತೂ ತಿಳಿದೇ ಇಲ್ಲ. ಇಮಾಮುದ್ದೀನ್ ಮೊದಲನೆಯ ಸಿಡಿಯನ್ನು ಮುಕುಂದನಿಂದ ಕೇಳಿ ಪಡೆದು, ಮಂಡಿಯ ಹತ್ತಿರದ ಮೊಬೈಲ್ ಅಂಗಡಿಯ ಟಿವಿಯಲ್ಲಿ ಹಾಕಿಸಿ ಮೊದಲ ಪಾಠವನ್ನು ಏಳು ಸಲ ನೋಡಿದ. ಪ್ರೊಫೆಸರರು ಬಾಯಿ ಬಿಟ್ಟಾಗಿನಿಂದ ಮುಚ್ಚುವ ತನಕ ಪ್ರತಿ ಶಬ್ದವನ್ನೂ ಕನ್ನಡದ ಅಕ್ಷರದಲ್ಲಿ ಬರೆದುಕೊಂಡು ಬಂದ. ಮೂವತ್ತೆರಡು ಪುಟ. ಇಲ್ಲದ ಕೊಕ್ಕೆಯನ್ನು ಅದರಲ್ಲಿ ಹುಡುಕಿದ. ಲೈಬ್ರರಿಯ ಪುಸ್ತಕದಲ್ಲಿ ಕೊಕ್ಕೆ ಮೂರನೆಯ ಅಧ್ಯಾಯದಿಂದ ಇತ್ತು, ಅದು ಹುಟ್ಟಿದ ಪುಟಗಳನ್ನು ಬ್ಲೇಡು ಒಯ್ದಿತ್ತು. ಅತಿಥಿ ಉಪನ್ಯಾಸಕರನ್ನು ಕೇಳಿದ. ಅವರು ಅದೇ ಸಾಲನ್ನು ಇನ್ನೊಮ್ಮೆ ಓದಿದರು.

ಆ ದಿನಗಳಲ್ಲಿ ಕಡ್ಡಿಗಳು ಇಳಿಯುತ್ತ ಬಂದವು. ಹತ್ತೊಂಬತ್ತು, ಹನ್ನೆರಡು, ಎಂಟು. ತಿಳಿದದ್ದರಿಂದ ಅಲ್ಲ. ತಟ್ಟಿದರೆ ಹೇಳುವವರೇ ಇಲ್ಲವಾದ್ದರಿಂದ ತಟ್ಟುವುದು ಕಡಿಮೆಯಾಯಿತು. ಮುಕುಂದ ಬೋರ್ಡಿನ ಮೇಲಿದ್ದದ್ದನ್ನು ಇಳಿಸಿಕೊಂಡು ಸುಮ್ಮನಾಗುತ್ತಿದ್ದ. ಸೂರ್ಯಕಾಂತ ಇಳಿಸಿಕೊಂಡದ್ದನ್ನು ಹಾಸ್ಟೆಲಿಗೆ ಒಯ್ದು ಉರು ಹೊಡೆಯುತ್ತಿದ್ದ. ಅವನಿಗೆ ಇದೇನೂ ಹೊಸದಲ್ಲ.

ಹತ್ತನೆಯ ದಿನ ಇಮಾಮುದ್ದೀನ್ ಚಿತ್ರ ನಿಲ್ಲಿಸಿ, ಮೊದಲಿನಿಂದ ಇನ್ನೊಮ್ಮೆ ನೋಡೋಣ ಎಂದ. ಎಲ್ಲೋ ಒಂದು ಮೆಟ್ಟಿಲು ತಪ್ಪಿದೆ, ಅದು ಸಿಗುವ ತನಕ ಮುಂದೆ ಹೋಗುವುದು ಬೇಡ, ಗೆರೆ ಇಲ್ಲೇ ಇರಲಿ ಎಂದ. ಮುಕುಂದ ಸೂರ್ಯಕಾಂತನ ಮುಖ ನೋಡಿದ. ಸೂರ್ಯಕಾಂತನಿಗೆ ಆ ಸಂಜೆಯ ಹೊತ್ತಿಗೆ ಆರು ಪ್ರಮೇಯ ಬಾಯಿಪಾಠವಾಗಿದ್ದವು.

"ಇಮಾಮ, ನಿನ್ನ ಗೆರಿ ಹಿಡಕೊಂಡು ಕುಂತರ ಪರೀಕ್ಷಾ ಕುಂದರಂಗಿಲ್ಲ," ಎಂದ. "ನಮಗ ಮುಂದ ಹೋಗಬೇಕಾಗ್ಯದ."

ಹತ್ತು ವರ್ಷದಲ್ಲಿ ಈ ಮಾತು ಮೊದಲ ಸಲ ಬಂದಿತ್ತು, ಅದೂ ಯಾರಿಗಾಗಿ ಆ ಗೆರೆ ಹುಟ್ಟಿತೋ ಅವನ ಬಾಯಿಂದ. ಇಮಾಮುದ್ದೀನ್ ರಿಮೋಟನ್ನು ಚಾಪೆಯ ಮೇಲೆ ಮುಕುಂದನ ಕಡೆ ಸರಿಸಿದ. ಮರುದಿನವೂ ಬಂದ, ಹನ್ನೊಂದನೆಯದನ್ನು ಕೈ ಕಟ್ಟಿಕೊಂಡು ನೋಡಿದ. ಒಂದು ಸಲವೂ ಚಾಪೆ ತಟ್ಟಲಿಲ್ಲ. ಸೂರ್ಯಕಾಂತನ ಅಂಚಿನಲ್ಲಿ ಅವತ್ತು ಕಡ್ಡಿ ಇಲ್ಲ. ಪ್ರೊಫೆಸರರು ಕೇಳಿದರು, ಪಾರ್ವತೀಬಾಯಿ ಆತು ಅಂದಳು, ಪಾಠ ಮುಗಿಯಿತು.

ಹೊರಗೆ ಬಂದು ಮನೆಯ ಕಟ್ಟೆಯ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಇಮಾಮುದ್ದೀನ್ ಹೇಳಿದ.

"ಸೂರ್ಯಾ, ನಂದು ಇಷ್ಟೇ ಅದ. ಹಳ್ಳಿ ಸಾಲ್ಯಾಗ ಶಾಣ್ಯಾ ಇದ್ದೆ, ಅಲ್ಲಿಗೇ ಸರಿ ಅದು. ಖರೇ ಗಣಿತ ಬಂದ ಕೂಡಲೇ ನನ್ನ ತಲಿ ಎಷ್ಟುದ್ದ ಅದ ಅಂತ ಗೊತ್ತಾತು."

ಸೂರ್ಯಕಾಂತ ಹಾಗೇನಿಲ್ಲ ಎಂದ. ನಿನಗೆ ತಿಳೀಲಿಕ್ಕೆ ಹತ್ತಿದೆಯಲ್ಲ ಎಂದು ಇಮಾಮುದ್ದೀನ್ ಕೇಳಿದ. ಹತ್ತಿದೆ ಎಂದು ಸೂರ್ಯಕಾಂತ ಸುಳ್ಳು ಹೇಳಿದ. ನಾಚಿಕೆಯಿಂದ ಹೇಳಿದ ಸುಳ್ಳು ಅದು. ಏನೂ ತಿಳಿಯದೆ ಹತ್ತು ದಿನ ಬರೆದುಕೊಂಡೆ ಅನ್ನುವುದು ಹೇಗೆ. ಇಮಾಮುದ್ದೀನ್ ಅದನ್ನು ನಂಬಿದ. ಸೂರ್ಯಕಾಂತನಿಗೆ ತಿಳಿಯುವುದು ತನಗೆ ತಿಳಿಯಲಿಲ್ಲ ಎಂದ ಮೇಲೆ ಅವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಡೆದು ಹೋದ. ಮರುದಿನದಿಂದ ಕ್ಲಾಸಿಗೂ ಬರಲಿಲ್ಲ.

ಆ ಮರುದಿನ ಹಾಕಿದ್ದು ಹನ್ನೆರಡನೆಯದು. ಅದು ಎರಡನೆಯ ಪಾಠ.

ಪ್ರೊಫೆಸರರು ನಿಧಾನವಾಗಿ ಬೋರ್ಡಿನ ನಟ್ಟನಡುವೆ ಕೊಕ್ಕೆ ಬರೆದು, ಅದರ ಸುತ್ತ ವೃತ್ತ ಹಾಕಿ, ಇದು ಏನು ಎಂಬುದನ್ನು ಮೂರು ಸಾಲಿನಲ್ಲಿ ಹೇಳಿದರು. ಮುಕುಂದ ನಗಲು ಶುರು ಮಾಡಿದ. ಮುದುಕಗ ನಮ್ಮ ಮ್ಯಾಲ ಕನಿಕರ ಬಂತು, ಅರ್ಧ ದಾರಿಯೊಳಗ ರಿವಿಜನ್ ಮಾಡಿಸ್ಲಾಕತ್ತಾನ ಎಂದ. ಸೂರ್ಯಕಾಂತ ಮೂರು ಸಾಲು ಬರೆದುಕೊಂಡ. ಇದನ್ನು ಇಮಾಮನಿಗೆ ಹೇಳಬೇಕು ಎಂದುಕೊಂಡ. ಅಡಿಗೆ ಮನೆಯಿಂದ ಹೊರಗೆ ಬಂದ ಪಾರ್ವತೀಬಾಯಿ, ನಿಲ್ಲಿಸ್ತಾನಲ್ಲ ಆ ಹುಡುಗ ಎಲ್ಲಿ ಹೋದ, ಇವತ್ತು ಒಂದೇ ಸವನೆ ಓಡ್ಲಾಕತ್ತದ ಎಂದಳು. ಜ್ವರ ಬಂದಿದೆ ಎಂದು ಮುಕುಂದ ಹೇಳಿದ.

ಇಮಾಮನಿಗೆ ಹೇಳುವುದು ಈ ವಾರ, ಮುಂದಿನ ವಾರ ಎಂದು ಮುಂದೆ ಹೋಯಿತು. ಅವನಿಗೆ ಮೊಬೈಲು ಇರಲಿಲ್ಲ. ಹಾಸ್ಟೆಲಿನಲ್ಲಿ ಸೂರ್ಯಕಾಂತನಿಗೆ ದಿನಾ ಪ್ರಮೇಯ ಉರು ಹೊಡೆಯುವುದಿತ್ತು.

ಎಂಟನೆಯ ಸಿಡಿಗೆ ಬಂದಾಗ ಡಿಸೆಂಬರ್. ಅದರ ಐದೂ ಪಾಠ ಸಲೀಸಾಗಿ ಹೋದವು. ಕೊನೆಯದರ ಕೊನೆಯಲ್ಲಿ ಪ್ರೊಫೆಸರರು, ಮುಂದಿನ ಸಲ ಇದನ್ನು ಸಾಧಿಸೋಣ ಎಂದು ಬೋರ್ಡಿನ ಮೇಲೆ ಒಂದು ಸಾಲು ಬರೆದು ಕೆಳಗೆ ಎರಡು ಗೆರೆ ಎಳೆದರು. ಮುಕುಂದ ನೀರು ಕುಡಿಯಲು ಎದ್ದಿದ್ದ. ಸೂರ್ಯಕಾಂತ ಆ ಸಾಲನ್ನು ನೋಡುತ್ತ ಕೂತ. ಉರು ಹೊಡೆದವನಿಗೆ ಅಕ್ಷರ ನೆನಪಿರುತ್ತದೆ. ಮೊದಲನೆಯ ಸಿಡಿಯ ಎರಡನೆಯ ಪಾಠ ಶುರುವಾಗುವಾಗ ಇದೇ ಸಾಲು ಇದೇ ಬೋರ್ಡಿನ ಮೇಲಿತ್ತು, ಇದೇ ಎರಡು ಗೆರೆಗಳ ಜೊತೆ.

ಅವನು ಮುಕುಂದನಿಗೆ ಹೇಳಲಿಲ್ಲ. ನೆಟ್ಟಗೆ ಸ್ಟೇಶನ್ ಬಜಾರಿಗೆ ಹೋದ. ಖಮರುದ್ದೀನ್ ಹಳೆಯ ಕಡತ ಅಳಿಸಿರಲಿಲ್ಲ, ತೆರೆದು ತೋರಿಸಿದ. ಒಂದು, ಹತ್ತು, ಹನ್ನೊಂದು. ಸೂರ್ಯಕಾಂತ ಪರದೆಯ ಮೇಲೆ ಬೆರಳಿಟ್ಟು ಓದುತ್ತ ಹೋದ.

"ಯಂತ್ರಕ್ಕ ಏನು ಗೊತ್ತು ಬೇಟಾ, ಅದು ಮೊದಲಿನ ಅಂಕಿ ನೋಡಿ ನಿಲ್ಲಸ್ತದ. ಅದಕ್ಕಂತೇ ಒಳಗ ನೋಡಿ ಬರಿ ಅಂದಿದ್ದೆ," ಎಂದ ಖಮರುದ್ದೀನ್.

ಪರೀಕ್ಷೆಗೆ ಇನ್ನೂ ಹದಿನಾರು ದಿನ ಇತ್ತು. ಫೀ ಮೊದಲೇ ಕಟ್ಟಿದ್ದರಿಂದ ಇಮಾಮುದ್ದೀನನ ಹಾಲ್ ಟಿಕೆಟ್ ವಿಭಾಗದ ಆಫೀಸಿನಲ್ಲಿ ಬಂದು ಬಿದ್ದಿತ್ತು, ಸೂರ್ಯಕಾಂತ ತನ್ನದನ್ನು ಒಯ್ಯುವಾಗ ನೋಡಿದ್ದ. ಕಮಲಾಪುರ ಮೂವತ್ತೆಂಟು ಕಿಲೋಮೀಟರು. ಬೀದರ ಕಡೆಯ ಯಾವ ಬಸ್ಸು ಹತ್ತಿದರೂ ಇಳಿಸುತ್ತದೆ. ಒಂದು ಮಾತು ಹೇಳಿದರೆ ಸಾಕಿತ್ತು. ತಪ್ಪು ನಿನ್ನ ತಲೆಯದಲ್ಲ, ನನ್ನ ಮಾರ್ಕರಿನದು.

ಅವನು ಸ್ಟೇಶನ್ನಿನ ಮುಂದೆ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದ. ಹೇಳಿದರೆ ಇಮಾಮ ಬರುತ್ತಾನೆ, ಅದರಲ್ಲಿ ಸಂಶಯವಿಲ್ಲ. ಬಂದವನು ಒಂದರಿಂದ ಶುರು ಮಾಡೋಣ ಅನ್ನುತ್ತಾನೆ. ಚಾಪೆ ತಟ್ಟುತ್ತಾನೆ. ತನ್ನದು ಮುಗಿದ ಮೇಲೆ ನಿನ್ನ ಗೆರೆ ಎಲ್ಲಿದೆ ಎಂದು ಕೇಳುತ್ತಾನೆ, ಕಾಯುತ್ತಾನೆ. ಹಾಗೆ ಕೂತರೆ ತಿಳಿಯಬಹುದು, ನಿಜ. ಆದರೆ ಮೂವತ್ತು ಪ್ರಮೇಯ ಈಗ ಬಾಯಲ್ಲಿ ಸಾಲಾಗಿ ನಿಂತಿವೆ. ತಪ್ಪು ಸಾಲೇ ಇರಲಿ, ನಿಂತಿವೆ. ತಿಳಿಯಲು ಹೋದರೆ ಸಾಲು ಕೆಡುತ್ತದೆ. ತಿಳಿಯುವುದರೊಳಗೆ ಪರೀಕ್ಷೆ ಬರುತ್ತದೆ.

ಪರೀಕ್ಷೆ ಮುಗಿಯಲಿ, ಹೋಗಿ ಹೇಳಿದರಾಯಿತು ಎಂದು ನಿರ್ಧರಿಸಿದ. ಇಮಾಮ ಮುಂದಿನ ವರ್ಷ ಬರೆಯಬಹುದು ಎಂದು ಸಮಾಧಾನ ಹೇಳಿಕೊಂಡ. ಮನೆಯಲ್ಲಿ ಸ್ಟೀರಿಂಗಿನ ಮಾತು ನಡೆದದ್ದು ಅವನಿಗೆ ನೆನಪಿತ್ತು. ನೆನಪಿದ್ದೂ ಹಾಸ್ಟೆಲಿನ ಬಸ್ಸು ಹತ್ತಿದ.

ಪರೀಕ್ಷೆಯ ದಿನ ಅವನ ಮುಂದಿನ ಡೆಸ್ಕು ಖಾಲಿ. ಅದರ ಮೇಲೆ ಇಮಾಮುದ್ದೀನನ ನಂಬರಿನ ಚೀಟಿ ಅಂಟಿಸಿತ್ತು. ಸೂರ್ಯಕಾಂತ ಮೂರು ತಾಸು ನಿಲ್ಲದೆ ಬರೆದ. ಅರವತ್ತೊಂದು ಬಂತು. ಮುಕುಂದನಿಗೆ ಐವತ್ತೆಂಟು.

ಕಮಲಾಪುರಕ್ಕೆ ಹೋದದ್ದು ಜನವರಿಯ ಒಂದು ಭಾನುವಾರ. ಬಸ್ ನಿಲ್ದಾಣದ ಪಕ್ಕದ ಮಂಡಿಯಲ್ಲಿ ಇಮಾಮುದ್ದೀನ್ ಗೊನೆಗಳನ್ನು ಟೆಂಪೊದ ಕೊಂಡಿಗಳಿಗೆ ತೂಗುಹಾಕುತ್ತಿದ್ದ. ಬನಿಯನ್ನಿನ ಮೇಲೆ ಬಾಳೆಯ ಕರೆ. ಸೂರ್ಯಕಾಂತನನ್ನು ನೋಡಿ ಸಂತೋಷಪಟ್ಟ, ಎರಡು ಚಹಾ ಹೇಳಿದ. ಅಂಕ ಕೇಳಿದ. ಅರವತ್ತೊಂದು ಎಂದಾಗ, ನನಗೆ ಗೊತ್ತಿತ್ತು ನೀನು ದಾಟ್ತಿ ಅಂತ, ಎಂದ. ಹದಿನೈದು ದಿನದ ಹಿಂದೆ ವಿಭಾಗಕ್ಕೆ ಹೋಗಿ ಟಿ.ಸಿ. ತಂದಿದ್ದ. ಲೈಸನ್ಸು ಆಗಿತ್ತು. ಅಪ್ಪ ಮನೆಯಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿರುತ್ತಾನೆ, ಅವನಿಗೆ ಆರಾಮಾಯಿತು ಎಂದ.

ಸೂರ್ಯಕಾಂತ ಚಹಾದ ಲೋಟ ಹಿಡಿದುಕೊಂಡೇ ಎಲ್ಲ ಹೇಳಿದ. ಒಂದಾದ ಮೇಲೆ ಹತ್ತು. ನಂಬರು ಬರೆದವನು ತಾನು. ಅವರು ನೋಡಿದ ಹನ್ನೊಂದರಲ್ಲಿ ಹತ್ತು ಪಾಠ ನಡುಮಧ್ಯದವು. ಕೊಕ್ಕೆ ಇದ್ದದ್ದು ಎರಡರಲ್ಲಿ, ಅದು ಹನ್ನೆರಡನೆಯದಾಗಿ ಬಂತು, ನೀನು ಬಿಟ್ಟ ಮರುದಿನ.

ಇಮಾಮುದ್ದೀನ್ ಗೊನೆಯ ದಂಟನ್ನು ಹಿಡಿದು ನಿಂತಿದ್ದ. ಕೆಳಗಿಡಲಿಲ್ಲ.

"ಯಾವಾಗ ಗೊತ್ತಾತು ನಿಂಗ?"

ಸುಳ್ಳು ಹೇಳಬಹುದಿತ್ತು. ಮೊನ್ನೆ ಎಂದರೆ ಮುಗಿಯುತ್ತಿತ್ತು.

"ಪರೀಕ್ಷಾಕ್ಕ ಹದಿನಾರು ದಿನ ಇತ್ತು."

ಇಮಾಮುದ್ದೀನ್ ತಲೆಯಾಡಿಸಿದ. ಗೊನೆಯನ್ನು ಕೊಂಡಿಗೆ ಹಾಕಿದ, ಇನ್ನೊಂದನ್ನು ತಂದು ಹಾಕಿದ. ಕೈ ಒರೆಸಿಕೊಂಡು ಬಂದು ಎದುರಿನ ರಟ್ಟಿನ ಪೆಟ್ಟಿಗೆಯ ಮೇಲೆ ಕೂತ. ಬೈಯುತ್ತಾನೆ ಎಂದು ಸೂರ್ಯಕಾಂತ ಕಾದ.

"ಏನಿತ್ತು ಆ ಕೊಕ್ಕಿ?"

ಸೂರ್ಯಕಾಂತ ಮೂರು ಸಾಲನ್ನೂ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದ. ಅಂದರೇನು ಎಂದು ಇಮಾಮುದ್ದೀನ್ ಕೇಳಿದ. ಸೂರ್ಯಕಾಂತ ಅದೇ ಸಾಲನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿದ. ಹೇಳುವಾಗ ಅತಿಥಿ ಉಪನ್ಯಾಸಕರ ದನಿ ತನ್ನ ಬಾಯಿಂದ ಬರುತ್ತಿರುವುದು ಅವನಿಗೇ ಕೇಳಿಸಿತು. ಅರವತ್ತೊಂದು ಅಂಕ ಬಂದವನಿಗೆ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಇಮಾಮುದ್ದೀನ್ ಗೊನೆಗಳಿಗೆ ಗುರುತು ಹಾಕುವ ಪೆನ್ನು ಕಿವಿಯಿಂದ ತೆಗೆದು, ಪಕ್ಕದ ಪೆಟ್ಟಿಗೆಯ ರಟ್ಟಿನ ಮೇಲೆ ಕೊಕ್ಕೆ ಬರೆದ. ಮೂರು ಸಾಲು ಬರೆದ. ನಾಲ್ಕು ಸಣ್ಣ ವೃತ್ತ ಹಾಕಿ, ಒಂದನ್ನು ಇನ್ನೊಂದರಲ್ಲಿ ಕೂಡಿಸಿ ನೋಡಿದ, ಕಳೆದು ನೋಡಿದ. ಒಂದೆರಡು ಸಲ ಸೂರ್ಯಕಾಂತನನ್ನು ಏನೋ ಕೇಳಲು ಬಾಯಿ ತೆರೆದು ಬಿಟ್ಟುಬಿಟ್ಟ. ಮಂಡಿಯವನು ಟೆಂಪೊ ತೆಗೆಯಲು ಎರಡು ಸಲ ಕೂಗಿದ. ಹತ್ತು ನಿಮಿಷದೊಳಗೆ ರಟ್ಟಿನ ಮೇಲೆ ಹತ್ತನೆಯ ಪಾಠದ ಪ್ರಮೇಯ ಬಂದು ನಿಂತಿತು, ಮೂವತ್ತೊಂದು ಸಲ ನಿಲ್ಲಿಸಿ ನೋಡಿದರೂ ತಿಳಿಯದೆ ಹೋಗಿದ್ದ ಅದೇ ಪ್ರಮೇಯ. ಸೂರ್ಯಕಾಂತ ಪರೀಕ್ಷೆಯಲ್ಲಿ ಅದನ್ನು ಎರಡು ಪುಟ ಬರೆದಿದ್ದ. ಇಲ್ಲಿ ಅದು ಐದು ಸಾಲಿತ್ತು.

"ಇಷ್ಟೇ ಏನು?" ಎಂದ ಇಮಾಮುದ್ದೀನ್.



ಇಮಾಮುದ್ದೀನ್ ಐದನೆಯ ಸಾಲಿನ ಕೆಳಗೆ, ಹಳೆಯ ಅಭ್ಯಾಸದಂತೆ, ಒಂದು ಅಡ್ಡಗೆರೆ ಎಳೆದ. ಪೆನ್ನನ್ನು ಕಿವಿಗೆ ಸಿಕ್ಕಿಸಿ ಎದ್ದ. ಆ ಪೆಟ್ಟಿಗೆಯನ್ನೂ ಉಳಿದವುಗಳ ಜೊತೆ ಹಿಂದೆ ಎತ್ತಿಟ್ಟು ಹಲಗೆ ಮುಚ್ಚಿದ. ಚಹಾ ಆರಿತು ನೋಡು ಎಂದ. ಕಲಬುರಗಿಗೆ ಟೆಂಪೊ ಹೊರಟಿತ್ತು, ಪಕ್ಕದ ಸೀಟು ಖಾಲಿ ಇತ್ತು, ಕೂಡು ಎಂದು ಅವನು ಅನ್ನಲಿಲ್ಲ. ನಾನೂ ಬರಲೇನು ಎಂದು ಸೂರ್ಯಕಾಂತ ಕೇಳಲಿಲ್ಲ.

ಆಮೇಲೆ ಇಮಾಮುದ್ದೀನ್ ದಿನಾ ಬೆಳಿಗ್ಗೆ ಕಲಬುರಗಿಗೆ ಬರುತ್ತಿದ್ದ, ದಿನಾ ತಿರುಗಿ ಹೋಗುತ್ತಿದ್ದ. ಹಾಸ್ಟೆಲಿನ ಕಡೆ ಒಮ್ಮೆಯೂ ಬರಲಿಲ್ಲ. ಸೂರ್ಯಕಾಂತನಿಗೆ ಮರುವರ್ಷ ಖಾಸಗಿ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಅವನು ಬಿ.ಎಸ್ಸಿ.ಯವರಿಗೆ ಗಣಿತ ಕಲಿಸುತ್ತಾನೆ, ಪ್ರಶ್ನೆ ಕೇಳಿದರೆ ಅದೇ ಸಾಲನ್ನು ಇನ್ನೊಮ್ಮೆ ಓದುತ್ತಾನೆ.

ಒಮ್ಮೆ ಬಸ್ ನಿಲ್ದಾಣದಲ್ಲಿ ಯಾರನ್ನೋ ಕಳಿಸಲು ಹೋದಾಗ ಗೋಡೆಯ ಮೇಲಿನ ವೇಳಾಪಟ್ಟಿ ಎಣಿಸಿದ. ಕಮಲಾಪುರದ ಮೇಲೆ ಹೋಗುವ ಬಸ್ಸು ದಿನಕ್ಕೆ ಇಪ್ಪತ್ತೆರಡು. ಹದಿನಾರು ದಿನಕ್ಕೆ ಮುನ್ನೂರ ಐವತ್ತೆರಡು. ಗೆಳೆಯ ಒಬ್ಬ.